ಲೈಬ್ರರಿಯ ಕಂಪ್ಯೂಟರಿಗೆ ಕಟ್ಟಿದ ಬಲೆ

ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ ಎಂದು ಮನೆಯಲ್ಲಿ ಎಲ್ಲರೂ ಹೇಳುತ್ತಾರೆ. ಹೇಳಲಿ. ಆ ಸಿಟ್ಟು ಇಲ್ಲದೆ ಹೋಗಿದ್ದರೆ ಖಾನಾಪುರ ತಾಲೂಕಿನ ಹಳ್ಳಿಯೊಂದರ ಲೈಬ್ರರಿಯಲ್ಲಿ ಇಷ್ಟು ವರ್ಷ ನಾನು ಕೂರುತ್ತಲೇ ಇರಲಿಲ್ಲ. ನಮ್ಮ ಮನೆ ಬೆಳಗಾವಿಯ ಅನಗೋಳದಲ್ಲಿ. ಬೆಳಿಗ್ಗೆ ರೊಟ್ಟಿ ಕಟ್ಟಿಕೊಂಡು ಹೊರಟು, ಖಾನಾಪುರದಲ್ಲಿ ಬಸ್ಸು ಬದಲಿಸಿ, ಬೀಡಿ ಎಂಬ ಊರಿನ ಹಾದಿಯಲ್ಲಿ ಇಳಿದು, ಪಂಚಾಯತಿ ಆಫೀಸಿನ ಬಾಜೂಕಿರುವ ಒಂದೇ ಕೋಣೆಯ ಬೀಗ ತೆಗೆಯುವುದು ನನ್ನ ಕೆಲಸ. ಪೇಪರು ಓದುವ ಮುದುಕರು ಅಷ್ಟೊತ್ತಿಗೆ ಕಟ್ಟೆಯ ಮೇಲೆ ಕೂತಿರುತ್ತಾರೆ. ಬಸ್ಸು ತಡವಾದರೆ ಅವರು ನನ್ನ ಮೇಲೆ ಸಿಟ್ಟಾಗುತ್ತಾರೆ, ನಾನು ಅವರ ಮೇಲೆ ಸಿಟ್ಟಾಗುತ್ತೇನೆ, ಆಮೇಲೆ ಎಲ್ಲರೂ ಕೂಡಿ ಚಹಾ ಕುಡಿಯುತ್ತೇವೆ.

ಆ ಕೋಣೆಗೆ ಒಂದು ಕಂಪ್ಯೂಟರ್ ಬಂದಾಗ ಮುದುಕರು ಅದರ ಕಡೆ ತಿರುಗಿಯೂ ನೋಡಲಿಲ್ಲ. ಗಂಡುಹುಡುಗರ ಕೈಯಲ್ಲಿ ಮೊಬೈಲು ಇದ್ದವು, ಅವರಿಗೂ ಅದು ಬೇಕಾಗಲಿಲ್ಲ. ಬಂದವರು ಹುಡುಗಿಯರು. ಮನೆಯ ಒಂದೇ ಮೊಬೈಲು ಅಪ್ಪನ ಕಿಸೆಯಲ್ಲೋ ಅಣ್ಣನ ಕೈಯಲ್ಲೋ ಇರುತ್ತದಲ್ಲ, ಅಂಥ ಮನೆಯ ಹುಡುಗಿಯರು. ಪರೀಕ್ಷೆಯ ರಿಸಲ್ಟು, ಸ್ಕಾಲರ್‌ಶಿಪ್ಪಿನ ಅರ್ಜಿ, ಹಳೆಯ ಪ್ರಶ್ನೆಪತ್ರಿಕೆ, ಎಲ್ಲದಕ್ಕೂ ಅವರಿಗೆ ಅದೊಂದೇ ಕಿಟಕಿ.

ಅವರಲ್ಲಿ ಒಬ್ಬಳು ಕುರಿ ಕಾಯುವವರ ಮಗಳು. ಪಿಯುಸಿ ಸೈನ್ಸ್ ಮುಗಿಸಿದ್ದಳು. ಸಣ್ಣವಳಿದ್ದಾಗ ಅಜ್ಜಿಯ ಊರಿನ ಮರಾಠಿ ಸಾಲೆಯಲ್ಲಿ ಕಲಿತು, ಹೈಸ್ಕೂಲಿಗೆ ಇಲ್ಲಿಗೆ ಬಂದು ಕನ್ನಡದಲ್ಲಿ ಓದಿದವಳು. ನರ್ಸ್ ಆಗಬೇಕು ಎಂಬುದೊಂದೇ ಮಾತು. ನರ್ಸಿಂಗ್ ಕೋರ್ಸಿನ ಅರ್ಜಿ ಆನ್‌ಲೈನಿನಲ್ಲೇ ತುಂಬಬೇಕಿತ್ತು, ಪ್ರವೇಶ ಪರೀಕ್ಷೆಗೂ ಓದಿಕೊಳ್ಳಬೇಕಿತ್ತು. ಮಧ್ಯಾಹ್ನ ಕುರಿಗೆ ನೀರು ತೋರಿಸಿ, ಕೈಕಾಲು ತೊಳೆದು, ಬಂದು ಕೂತರೆ ಎಬ್ಬಿಸುವವರೆಗೆ ಏಳುತ್ತಿರಲಿಲ್ಲ. ಅವಳೆಂದರೆ ನನಗೆ ಜೀವ. ಮುಚ್ಚಿಡುವುದೇನಿದೆ?

ಒಂದು ಮಧ್ಯಾಹ್ನ ಅವಳು ರಕ್ತಪರಿಚಲನೆಯ ಬಗ್ಗೆ ಏನೋ ಓದುತ್ತಿದ್ದಳು. ಅವಳ ಅಪ್ಪ ಕರೆಯಲು ಬಂದು ಹಿಂದೆ ನಿಂತ. ಹೆಗಲ ಮೇಲೆ ಕಂಬಳಿ, ಕೈಯಲ್ಲಿ ಕೋಲು. ಮಗಳು ಓದುವುದನ್ನು ನೋಡಿ ಮುಖದಲ್ಲಿ ಒಂದಿಷ್ಟು ಹೆಮ್ಮೆಯೂ ಇತ್ತು. ಅಷ್ಟರಲ್ಲಿ ಪರದೆಯ ಬಲಗಡೆ ಒಂದು ಜಾಹೀರಾತು ತಾನಾಗಿ ತೆರೆದುಕೊಂಡಿತು. ಏನಿತ್ತು ಎಂದು ಬರೆಯಲು ನನಗೆ ಇಷ್ಟವಿಲ್ಲ. ಬಟ್ಟೆ ಕಡಿಮೆ, ಹೇಸಿಗೆ ಹೆಚ್ಚು. ಅದು ಕುಣಿಯುತ್ತಿತ್ತು ಬೇರೆ. ಹುಡುಗಿ ಎರಡೂ ಕೈಯಿಂದ ಪರದೆ ಮುಚ್ಚಲು ಹೋದಳು.

"ಏಳ. ನಡಿ ಮನಿಗೆ," ಎಂದ ಅಪ್ಪ. ದನಿ ಏರಲಿಲ್ಲ, ಅದೇ ನನಗೆ ಹೆದರಿಕೆ ತಂದದ್ದು.

"ಅಣ್ಣಾರ, ಇದು ಆಕಿ ತಗದಿದ್ದಲ್ರಿ. ತಾನ ಬರ್ತೈತಿ," ಎಂದೆ.

"ತಾನ ಬರೂದಾದ್ರ ಇನ್ನೂ ಕೆಟ್ಟ ಆತಲ್ರಿ ಅಕ್ಕಾರ. ನನ್ನ ಮಗಳು ಇನ್ನ ಬರೂದಿಲ್ಲ."

ಅವಳು ಚಪ್ಪಲಿ ಹುಡುಕುತ್ತ ಒಮ್ಮೆ ನನ್ನ ಮುಖ ನೋಡಿದಳು.

ಸುದ್ದಿ ಊರೆಲ್ಲ ತಿರುಗಲು ಎಷ್ಟು ಹೊತ್ತು? ಮರುದಿನ ಪಂಚಾಯತಿಯ ಮೆಂಬರೊಬ್ಬರು ಬಂದು, ಕಂಪ್ಯೂಟರಿಗೆ ಬಟ್ಟೆ ಹೊಚ್ಚಿಬಿಡಿ, ಹೆಣ್ಣುಹುಡುಗಿಯರಿಗೆ ಅದು ಬೇಡ, ಗಂಡುಹುಡುಗರು ಬಂದರೆ ತೆಗೆಯಿರಿ ಎಂದರು. ಶಿವನೇ! ನಾನು ಕುರ್ಚಿ ಹಿಂದೆ ಸರಿಸಿ ಎದ್ದೆ. "ಹೊಲಸು ಹಾಕಿದಾವ ಎಲ್ಲೋ ಎಸಿ ರೂಮಿನ್ಯಾಗ ಕುಂತಾನ್ರಿ. ಶಿಕ್ಷಾ ಈ ಹುಡಿಗೇರಿಗೆ? ಹೊಚ್ಚೂದಾದ್ರ ಎಲ್ಲಾರಿಗೂ ಹೊಚ್ಚರಿ, ಬಾಗಲಾನೂ ಹಾಕ್ರಿ, ನಾ ಕೀಲಿ ನಿಮ್ಮ ಕೈಯಾಗ ಕೊಟ್ಟು ಅನಗೋಳಕ್ಕ ಹೋಗ್ತೀನಿ."

ಮೆಂಬರು ಕೆಟ್ಟ ಮನುಷ್ಯ ಅಲ್ಲ. ತಲೆ ಕೆರೆದುಕೊಂಡು, "ಹಂಗಲ್ರಿ ಅಕ್ಕಾರ, ಅವರಪ್ಪಾನ ಒಪ್ಪಿದ್ರ ನಮ್ದೇನೈತಿ?" ಎಂದರು. ಸರಿ, ಅಪ್ಪನನ್ನೇ ಒಪ್ಪಿಸುತ್ತೇನೆ ಎಂದು ಮನಸ್ಸಿನಲ್ಲಿ ಗಂಟು ಹಾಕಿಕೊಂಡೆ. ಅರ್ಜಿಯ ಕೊನೆಯ ತಾರೀಖು ಹತ್ತಿರ ಬರುತ್ತಿತ್ತು. ಅದು ತಪ್ಪಿದರೆ ಒಂದು ವರ್ಷ ಹೋಗುತ್ತದೆ, ಮತ್ತು ನಮ್ಮ ಕಡೆ ಪಿಯುಸಿ ಮುಗಿದ ಹುಡುಗಿ ಒಂದು ವರ್ಷ ಮನೆಯಲ್ಲಿ ಕೂತರೆ ಮುಂದೆ ಏನಾಗುತ್ತದೆ ಎಂದು ನನಗೆ ಯಾರೂ ಹೇಳಬೇಕಿರಲಿಲ್ಲ. ಅವಳ ಸೋದರಮಾವನ ಮನೆಯವರು ಆಗಲೇ ಒಂದು ಸಲ ಬಂದು ಚಹಾ ಕುಡಿದು ಹೋಗಿದ್ದರು.

ನನ್ನ ಮಗಳು ನೆಹರು ನಗರದಲ್ಲಿ ಒಂದು ಆಫೀಸಿನಲ್ಲಿ ಕೆಲಸ ಮಾಡುತ್ತಾಳೆ. ಮನೆಗೆ ಬಂದವಳೇ ಅವಳ ಮುಂದೆ ಎಲ್ಲ ಕಕ್ಕಿದೆ. ಅವಳು ಮೊಸರನ್ನ ತಿನ್ನುತ್ತ, ಅಷ್ಟೇನಾ ಎಂಬಂತೆ ನೋಡಿದಳು.

"ಆ್ಯಡ್ ಬ್ಲಾಕರ್ ಹಾಕ್ಕೋ ಅವ್ವಾ. ಬ್ರೌಸರಿಗೆ ಎಕ್ಸ್‌ಟೆನ್ಶನ್ ಅಂತ ಇರ್ತಾವು."

"ಹಂಗಂದ್ರ ಏನ?"

"ಮಿಕ್ಸರಿಗೆ ಬ್ಯಾರೆ ಬ್ಯಾರೆ ಜಾರ್ ಹಚ್ಚತಿಯಲ್ಲ, ಹಂಗ ಬ್ರೌಸರಿಗೆ ಹಚ್ಚೂವು. ಫುಕಟ್ ಅದಾವು."

ಫುಕಟ್ಟಾಗಿ ಸಿಗುವ ಇಂಥದೊಂದು ಇದ್ದೂ ಯಾರೂ ನನಗೆ ಹೇಳಿರಲಿಲ್ಲ ಎಂದು ಅವಳ ಮೇಲೂ ಒಂದಿಷ್ಟು ರೇಗಿದೆ. ರವಿವಾರ ಅವಳ ಲ್ಯಾಪ್‌ಟಾಪನ್ನು ಅಡುಗೆಮನೆಯ ಕಟ್ಟೆಯ ಮೇಲೆ ಇಟ್ಟುಕೊಂಡು ಪಾಠ ಶುರುವಾಯಿತು. ಒಂದು ಕಡೆ ಒಲೆಯ ಮೇಲೆ ಕಡಲೆಹಿಟ್ಟಿನ ಜುಣಕ ಕುದಿಯುತ್ತಿತ್ತು. ಮೊದಲನೆಯ ಎಕ್ಸ್‌ಟೆನ್ಶನ್ನು, ಜಾಹೀರಾತು ಯಾವ ವಿಳಾಸದಿಂದ ಬರುತ್ತದೆ ಎಂದು ನೋಡಿ ಬಾಗಿಲಲ್ಲೇ ತಡೆಯುತ್ತದೆ. ಎರಡನೆಯದು ಪದ ನೋಡಿ ತಡೆಯುತ್ತದೆ; ಯಾವ ಪದ ಕಂಡರೆ ಪುಟ ಮುಚ್ಚಬೇಕು ಎಂದು ನಾವೇ ಬರೆದು ಕೊಡಬೇಕು.

ಈಗ ನೋಡಿ ಪಜೀತಿ. ಹೊಲಸು ಪದಗಳನ್ನು ತಾಯಿ ಮಗಳು ಕೂತು ಬರೆಯಬೇಕು! ಮಗಳು ಇಂಗ್ಲಿಷಿನವು ಒಂದಿಷ್ಟು ಒತ್ತಿದಳು, ಮುಖ ಕೆಂಪು. ನಾನು ಲ್ಯಾಪ್‌ಟಾಪು ನನ್ನ ಕಡೆ ಎಳೆದುಕೊಂಡೆ. ದಿನಾ ಬಸ್‌ಸ್ಟ್ಯಾಂಡಿನಲ್ಲಿ ನಿಲ್ಲುವವಳಿಗೆ ಕಿವಿಗೆ ಬೀಳುವುದೇನು ಕಡಿಮೆಯೇ? ಕನ್ನಡದವನ್ನು ಒಂದಾದ ಮೇಲೊಂದು ಬರೆಯುತ್ತಲೇ ಹೋದೆ. ಮಗಳು ಮೊದಲು ಬಾಯಿ ಮುಚ್ಚಿಕೊಂಡಳು, ಆಮೇಲೆ ಹೊಟ್ಟೆ ಹಿಡಿದುಕೊಂಡು ನಗತೊಡಗಿದಳು. "ಅವ್ವಾ! ಇಷ್ಟೆಲ್ಲಾ ನಿನಗ ಬರ್ತಾವು?" ಜುಣಕ ತಳ ಹಿಡಿದದ್ದು ವಾಸನೆ ಬಂದಾಗಲೇ ಗೊತ್ತಾದದ್ದು.

ಸೋಮವಾರ ಲೈಬ್ರರಿಯ ಕಂಪ್ಯೂಟರಿನಲ್ಲಿ ಅವೇ ಎರಡನ್ನೂ ನಾನೇ ಹಾಕಿದೆ. ಪುಟ ತೆಗೆದರೆ ಏನು ಹೇಳಲಿ, ಸುಣ್ಣ ಬಳಿದ ಗೋಡೆಯಂತೆ ಸ್ವಚ್ಛ! ಜಾಹೀರಾತು ಕುಣಿಯುತ್ತಿದ್ದ ಜಾಗವೆಲ್ಲ ಬಿಳಿ. ಕೆಲವು ಪುಟಗಳು ಗೋಗರೆಯುತ್ತಿದ್ದವು: ದಯವಿಟ್ಟು ಆ್ಯಡ್ ಬ್ಲಾಕರ್ ನಿಲ್ಲಿಸಿ, ಜಾಹೀರಾತಿನಿಂದಲೇ ನಮ್ಮ ಹೊಟ್ಟೆ ತುಂಬುತ್ತದೆ ಎಂದು. ಸೀರೆ ಅಂಗಡಿಯದೋ ಟ್ರ್ಯಾಕ್ಟರಿನದೋ ಜಾಹೀರಾತಾದರೆ ನನ್ನದೇನು ತಕರಾರಿಲ್ಲ. ಮರ್ಯಾದೆಯಿಂದ ಇದ್ದ ಒಂದು ಕನ್ನಡ ಪತ್ರಿಕೆಯ ಪುಟಕ್ಕೆ ನಾನೇ ಪರವಾನಗಿ ಕೊಟ್ಟೆ, ನಿನ್ನ ಜಾಹೀರಾತು ಬರಲಿ ಎಂದು. ಉಳಿದವರಿಗೆ, "ಮೊದಲ ಮೈಮ್ಯಾಲೆ ಅರಬಿ ಹಾಕ್ಕೋರಿ, ಆಮ್ಯಾಲೆ ಮಾತಾಡೂಣು," ಎಂದು ಪರದೆಗೇ ಹೇಳಿದೆ. ಪೇಪರು ಓದುತ್ತಿದ್ದ ಮುದುಕರು ಕನ್ನಡಕ ಇಳಿಸಿ ನನ್ನನ್ನು ನೋಡಿದರು.

ಬೆಳಿಗ್ಗೆಯಿಂದ ಹತ್ತೆಂಟು ಪುಟ ತೆಗೆದು ನೋಡಿದೆ. ಒಂದರಲ್ಲೂ ಹೊಲಸಿಲ್ಲ. ಚಹಾದ ಅಂಗಡಿಯವರೆಗೂ ಹೋಗಿ ಎದೆಯುಬ್ಬಿಸಿ ಹೇಳಿಕೊಂಡು ಬಂದೆ. ಸಂಜೆ ಕುರಿದಡ್ಡಿಗೆ ಹೋಗಿ ಆ ಅಪ್ಪನ ಮುಂದೆ ನಿಂತು, ಇನ್ನು ಆ ಮಾತೇ ಇಲ್ಲ ಎನ್ನುವುದೊಂದೇ ಬಾಕಿ.

ಮಧ್ಯಾಹ್ನ ಹುಡುಗಿ ನೀರಿನ ಕೊಡ ಹಿಡಿದುಕೊಂಡು ಬಾಗಿಲಿಗೆ ಬಂದಳು. ನಳದ ಹಾದಿಯಲ್ಲಿ ಲೈಬ್ರರಿ ಇರುವುದು ಅವಳ ಪುಣ್ಯ. ಕೊಡ ಹೊರಗಿಟ್ಟು, "ಅಕ್ಕಾರ, ಒಂದ ನಿಮಿಷ ನೋಡ್ತೀನ್ರಿ," ಎಂದು ನಿಂತೇ ಮೌಸು ಹಿಡಿದಳು. ಅವಳು ಏನು ತೆಗೆದಳು? ಮರಾಠಿ ಪುಟ. ವಿಜ್ಞಾನದ ಪಾಠಗಳನ್ನು ಮರಾಠಿಯಲ್ಲಿ ಬಿಡಿಸಿ ಬಿಡಿಸಿ ಬರೆದಿರುತ್ತಾರೆ, ಸಣ್ಣವಳಿದ್ದಾಗ ಓದಿದ ಭಾಷೆ, ಅವಳಿಗೆ ಲಗೂ ತಿಳಿಯುತ್ತದೆ. ಪುಟದ ಕೆಳಗೆ, 'ಇದನ್ನೂ ಓದಿ' ಎಂಬ ಜಾಗದಲ್ಲಿ, ಅದೇ ಹೇಸಿಗೆ ಹಲ್ಲು ಕಿರಿಯುತ್ತ ಕೂತಿತ್ತು. ಅದನ್ನು ಆ ಪುಟದವರೇ ಹಾಕಿಕೊಂಡದ್ದು, ಹೊರಗಿನ ವಿಳಾಸದಿಂದ ಬಂದದ್ದಲ್ಲ. ಮೊದಲನೆಯ ಎಕ್ಸ್‌ಟೆನ್ಶನ್ನಿಗೆ ಸಿಕ್ಕಿರಲಿಲ್ಲ. ಎರಡನೆಯದಕ್ಕೆ ನಾನು ಕೊಟ್ಟದ್ದು ಕನ್ನಡ ಮತ್ತು ಇಂಗ್ಲಿಷ್ ಪದ ಮಾತ್ರ ಎಂದು ಅವಳಿಗೆ ಹೇಳಿದೆ.

ಹುಡುಗಿ ಗಾಬರಿಯಾಗಲಿಲ್ಲ. ನನ್ನ ಮುಖ ನೋಡಿ ತುಟಿ ಬಿಗಿ ಹಿಡಿದು ನಕ್ಕಳು. "ಅಕ್ಕಾರ, ನೀವು ಕನ್ನಡದಾಗ ಬೈದೀರಿ. ಅವರು ಮರಾಠಿಯಾಗ ಬಂದಾರ."

ನಾಲಿಗೆ ಕಚ್ಚಿಕೊಂಡೆ. ತರಕಾರಿ ಕೊಳ್ಳುವಾಗ ಮರಾಠಿ, ಪಕ್ಕದ ಮನೆಯವರೊಡನೆ ಮರಾಠಿ, ಬಸ್ಸಿನಲ್ಲಿ ಜಗಳವಾಡುವಾಗಲೂ ಅರ್ಧ ಮರಾಠಿ. ಮೂರು ಹೊತ್ತೂ ನಾಲಿಗೆಯ ಮೇಲೆ ಇರುವ ಭಾಷೆ, ಬರೆಯಲು ಕೂತಾಗ ನೆನಪಿಗೇ ಬಂದಿರಲಿಲ್ಲ. ಬೆಳಗಾವಿಯವಳಾಗಿ ಬೇರೆ ಯಾವ ತಪ್ಪು ಮಾಡಿದರೂ ಇದನ್ನು ಮಾಡಬಾರದಿತ್ತು.

ಅಷ್ಟಕ್ಕೇ ಮುಗಿಯಲಿಲ್ಲ. ಅವಳು ಇನ್ನೊಂದು ಪುಟ ತೆಗೆಯಲು ಹೋದರೆ ಪರದೆ ಪೂರ್ತಿ ಮುಚ್ಚಿಕೊಂಡಿತು. "ಇದು ಬಾಣಂತಿ ಕೂಸಿಗೆ ಹಾಲು ಕುಡಸೂ ಪಾಠ ರೀ. ಪರೀಕ್ಷಾಕ್ಕ ಬರ್ತೈತಿ. ಇದನ್ಯಾಕ ಮುಚ್ಚೇತಿ?" ನಾವು ಬರೆದ ಇಂಗ್ಲಿಷ್ ಪದವೊಂದು ಆ ಪಾಠದಲ್ಲಿಯೂ ಇತ್ತು. ಬರಬೇಕಾದ ತಾಯಿಯನ್ನು ಹೊರಗೆ ನಿಲ್ಲಿಸಿ, ಬರಬಾರದವಳನ್ನು ಒಳಗೆ ಬಿಟ್ಟಿದ್ದೆ. ನಗಬೇಕೋ ಅಳಬೇಕೋ?

ನಾವಿಬ್ಬರೂ ಕೂಡಿ ಸರಿಪಡಿಸಿದೆವು. ಆ ಇಂಗ್ಲಿಷ್ ಪದ ತೆಗೆದೆವು. ಮರಾಠಿಯ ಪದಗಳನ್ನು ನಾನೇ ಬರೆದೆ; ಆಕೆ ಗೋಡೆ ನೋಡುತ್ತ ನಿಂತಿದ್ದಳು, ಅಕ್ಷರ ತಪ್ಪಾದಾಗ ಮಾತ್ರ ಓರೆಗಣ್ಣಿನಿಂದ ನೋಡಿ ತಿದ್ದಿದಳು. ಇನ್ನೊಂದು ಉಪಾಯವನ್ನು ಅವಳೇ ಕಂಡುಹಿಡಿದಳು: ಪುಟದಲ್ಲಿ ಬೇಡವಾದದ್ದರ ಮೇಲೆ ಮೌಸಿನ ಬಲಗಡೆ ಒತ್ತಿ, 'ಇದನ್ನು ತೆಗೆ' ಎಂದರೆ ಅದೊಂದೇ ಅಳಿಸಿ ಹೋಗುತ್ತದೆ, ಮತ್ತೆ ಆ ಪುಟದಲ್ಲಿ ಬರುವುದಿಲ್ಲ. ಎರಡು ಮೂರು ಸಲ ಮಾಡಿ ನೋಡಿದಳು, ಕೈಗೆ ಹತ್ತಿತು. ಕೊಡ ಎತ್ತಿಕೊಂಡು ಓಡಿದಳು.

ಸಂಜೆಯ ಬಸ್ಸು ಬಿಟ್ಟು ನಾನು ದಡ್ಡಿಗೆ ಹೋದೆ. ಕೊಯ್ಲಾದ ಹೊಲದಲ್ಲಿ ಕುರಿಗಳನ್ನು ನಿಲ್ಲಿಸಿ ಸುತ್ತ ಬಲೆ ಕಟ್ಟಿರುತ್ತಾರೆ, ಅದೇ ದಡ್ಡಿ. ನಾಯಿ ಬೊಗಳಿತು. ಹುಡುಗಿಯ ಅವ್ವ ಓಡಿಬಂದು ಕಂಬಳಿ ಹಾಸಿದಳು. "ಕುಂದರ್ರಿ ಅಕ್ಕಾರ." ಕುರಿಯವರು ಕಂಬಳಿ ಹಾಸಿ ಕೂರಿಸಿದರೆ ಅದು ದೊಡ್ಡ ಮರ್ಯಾದೆ. ಅದರ ಮೇಲೆ ಕೂತು ಸುಳ್ಳು ಹೇಳಬಾರದು ಎಂಬುದೂ ನನಗೆ ಗೊತ್ತಿತ್ತು. ಅಪ್ಪ ಸ್ವಲ್ಪ ದೂರದಲ್ಲಿ ಹರಿದ ಬಲೆಗೆ ಗಂಟು ಹಾಕುತ್ತಿದ್ದ. ಹುಡುಗಿ ಮರಿಗಳ ಹತ್ತಿರ ನಿಂತು ನಮ್ಮ ಕಡೆಗೇ ಕಿವಿ ಕೊಟ್ಟಿದ್ದಳು.

ನಾನು ಎಲ್ಲ ಹೇಳಿದೆ. ಎಕ್ಸ್‌ಟೆನ್ಶನ್ನು, ಪದಗಳು, ಬಿಳಿ ಜಾಗ. ಅವನು ಬಲೆ ಕೆಳಗಿಟ್ಟು, ಎದ್ದು ಹೋಗಿ, ಗಂಟು ಬಿಚ್ಚಿ ಒಂದು ಸಣ್ಣ ಚೀಲ ತಂದ. ಭಂಡಾರ. ದೇವರ ಹೆಸರಿನ ಅರಿಶಿನದ ಪುಡಿ. ಅವರ ಮನೆತನದಲ್ಲಿ ಅದನ್ನು ಮುಟ್ಟಿ ಆಡಿದ ಮಾತು ಸಾಯುವವರೆಗೂ ನಿಲ್ಲುತ್ತದೆ. ಚೀಲವನ್ನು ಕಂಬಳಿಯ ಮೇಲೆ ನನ್ನ ಮುಂದೆ ಇಟ್ಟ.

"ಮುಟ್ಟಿ ಹೇಳ್ರಿ ಅಕ್ಕಾರ. ಇನ್ನ ಆ ಹೊಲಸ ನನ್ನ ಮಗಳ ಮುಂದ ಬರೂದಿಲ್ಲಾ ಅಂತ. ನಾಳಿಂದನ ಕಳಸ್ತೀನಿ."

ಕೈ ಮುಂದೆ ಹೋಯಿತು, ಖರೇ ಹೇಳುತ್ತೇನೆ. ಬೆಳಿಗ್ಗೆಯಾಗಿದ್ದರೆ ಮುಟ್ಟಿಬಿಡುತ್ತಿದ್ದೆ. ಒಂದು ಮುಟ್ಟು, ಹುಡುಗಿಯ ಒಂದು ವರ್ಷ ಉಳಿಯುತ್ತದೆ. ಅವಳು ಅಲ್ಲಿಂದ ನನ್ನ ಕೈಯನ್ನೇ ನೋಡುತ್ತಿದ್ದಳು. ಆದರೆ ಆ ಮರಾಠಿ ಪುಟ ಕಣ್ಣ ಮುಂದೆ ಬಂತು. ನಾಳೆ ಹಿಂದಿಯಲ್ಲಿ ಬಂದರೆ? ಪದವೇ ಇಲ್ಲದೆ ಬರೀ ಚಿತ್ರವಾಗಿ ಬಂದರೆ? ಕೈ ಹಿಂದೆ ತೆಗೆದುಕೊಂಡೆ.

"ಮುಟ್ಟೂದಿಲ್ರಿ."

"ಯಾಕ?"

"ಬರಬಹುದು. ಇವತ್ತ ಮಧ್ಯಾಹ್ನನ ಒಂದು ಬಂದಿತ್ತು. ತಗದೀನಿ. ನಾಳೆ ಇನ್ನೊಂದು ಬಂದ್ರ ಅದನ್ನೂ ತಗೀತೀನಿ. ಎಂದೂ ಬರೂದಿಲ್ಲಾ ಅಂತ ಭಂಡಾರ ಮುಟ್ಟಿ ಸುಳ್ಳು ಹೇಳಾಕ ನನ್ನಿಂದ ಆಗೂದಿಲ್ಲ."

"ಹಂಗಾರ ಯಾಕ ಕಳಸಲಿ ನಾ?" ಎಂದು ಮತ್ತೆ ಬಲೆ ಕೈಗೆತ್ತಿಕೊಂಡ. ಅದರಲ್ಲಿ ತಪ್ಪೇನಿತ್ತು? ಆದರೂ ನನ್ನ ಸಿಟ್ಟು ನೆತ್ತಿಗೇರಿತು.

"ನಿಮ್ಮ ಕೈಯಾಗ ಏನೈತಿ ಅದು?"

"ಬಲಿ. ನಿನ್ನಿ ಏನೋ ಬಂದು ಹರದೈತಿ."

"ಬಲಿ ಹರೀತು ಅಂತ ಕುರಿ ಮಾರಿದ್ರ್ಯಾ? ತೋಳ ಎಂದೂ ಬರೂದಿಲ್ಲಾ ಅಂತ ನೀವು ಭಂಡಾರ ಮುಟ್ಟತೀರ್‍ಯಾ? ಹರದಲ್ಲಿ ಗಂಟ ಹಾಕಾಕತ್ತೀರಿ. ನಾನೂ ಅದನ್ನ ಮಾಡಾಕತ್ತೀನ್ರಿ ಅಣ್ಣಾರ! ನಿಮ್ಮ ಮಗಳನ್ನ ಮಾತ್ರ ಯಾಕ ಮನ್ಯಾಗ ಕೂಡಿ ಹಾಕತೀರಿ?"

ಒಲೆಯ ಹತ್ತಿರದಿಂದ ಅವಳ ಅವ್ವ ತಲೆಯೆತ್ತದೆ ಹೇಳಿದಳು: "ಅಡವ್ಯಾಗ ಕುರಿ ಹಿಂದ ಒಬ್ಬಾಕಿನ್ನ ಬಿಡ್ತಿ. ಅಲ್ಲಿಲ್ಲದ ಅಂಜಿಕಿ ಅಕ್ಕಾರ ಬಾಜೂಕ ಕುಂತ್ರ ಬರ್ತೈತೇನ ನಿನಗ?"

ಅವನು ಬಲೆ ಬದಿಗಿಟ್ಟು, ಭಂಡಾರದ ಚೀಲಕ್ಕೆ ಮತ್ತೆ ಗಂಟು ಹಾಕಿದ. "ನಾನೂ ಬರ್ತೀನಿ. ಹಿಂದ ಕುಂತ ನೋಡ್ತೀನಿ. ಮತ್ತ ಕಂಡ್ರ ಮುಗೀತ ನೋಡ್ರಿ." ಒಪ್ಪಿದೆ. ಒಪ್ಪದೆ ಏನು ಮಾಡಲಿ?

ಮರುದಿನ ಅವನು ಬಂದು ಸ್ಟೂಲಿನ ಮೇಲೆ ಕೂತ. ಕೋಲು ಮೊಣಕಾಲ ನಡುವೆ. ಪೇಪರಿನ ಮುದುಕರು ಆವತ್ತು ಒಂದು ಪುಟವನ್ನೂ ತಿರುಗಿಸಲಿಲ್ಲ. ಹುಡುಗಿ ಅರ್ಜಿ ತೆಗೆದಳು, ಹೆಸರು, ಅಪ್ಪನ ಹೆಸರು, ಊರು, ಎಲ್ಲ ತುಂಬಿದಳು. ತನ್ನ ಹೆಸರನ್ನು ಪರದೆಯ ಮೇಲೆ ನೋಡಿದಾಗ ಅವನು ಸ್ಟೂಲನ್ನು ಸ್ವಲ್ಪ ಮುಂದಕ್ಕೆ ಎಳೆದುಕೊಂಡ. "ಈ ಬಿಳೇದ ಯಾಕ ಖಾಲಿ ಐತಿ?" ಎಂದು ಇನ್ನೊಂದು ಪುಟದ ಬದಿಯನ್ನು ತೋರಿಸಿ ಕೇಳಿದ. ಅಲ್ಲೇ ಅದು ಬರುತ್ತಿತ್ತು, ಈಗ ಬರುತ್ತಿಲ್ಲ ಎಂದೆ. ಹೂಂ ಎಂದ.

ಅರ್ಜಿಗೆ ಫೋಟೊ ಏರಿಸುವುದು ಬಾಕಿ ಇತ್ತು, ಸರ್ವರ್ ನಿಧಾನ. ಅದು ತಿರುಗುತ್ತಿರಲಿ ಎಂದು ಹುಡುಗಿ ಒಂದು ಹಳೆಯ ಪ್ರಶ್ನೆಪತ್ರಿಕೆಯ ಪುಟ ತೆಗೆದಳು. ಅದು ನಾವು ಯಾವತ್ತೂ ತೆಗೆಯದ ಪುಟ. ತೆಗೆದದ್ದೇ ತಡ, ನಟ್ಟನಡುವೆ ಬಂತು ಆ ದರಿದ್ರ! ಒಂದೂ ಪದವಿಲ್ಲ, ಬರೀ ಚಿತ್ರ.

ಮುಚ್ಚಲೆಂದು ಎದ್ದೆ. ಮುಗಿಯಿತು ಎಂದುಕೊಂಡೆ. ಹಿಂದೆ ಸ್ಟೂಲು ಕಿರ್ರೆಂದಿತು, ಅವನು ಎದ್ದು ನಿಂತಿದ್ದ.

ಹುಡುಗಿ ತಿರುಗಲಿಲ್ಲ. ಕೈಯಿಂದ ಪರದೆ ಮುಚ್ಚಲಿಲ್ಲ, ನಾಚಿ ತಲೆ ತಗ್ಗಿಸಲೂ ಇಲ್ಲ. ಮೌಸನ್ನು ಅದರ ಮೇಲೆ ಒಯ್ದು, ಬಲಗಡೆ ಒತ್ತಿ, 'ಇದನ್ನು ತೆಗೆ' ಎಂಬಲ್ಲಿ ಒತ್ತಿದಳು. ಹೋಯಿತು. ಆ ಜಾಗ ಬಿಳಿ. ಅದರ ಕೆಳಗಿನ ಪ್ರಶ್ನೆಯನ್ನು ಬೆರಳಿಟ್ಟು, ತನ್ನಷ್ಟಕ್ಕೇ ಗುಣುಗುತ್ತ ಓದತೊಡಗಿದಳು.

ಅಪ್ಪ ಹಾಗೇ ನಿಂತಿದ್ದ. ನಾನು ಜಗಳಕ್ಕೆ ಮಾತು ಜೋಡಿಸಿಕೊಳ್ಳುತ್ತಿದ್ದೆ. ಈ ಸಲ ಕಾಲು ಹಿಡಿಯುವುದಾದರೂ ಹಿಡಿಯುತ್ತೇನೆ, ಬಿಡುವುದಿಲ್ಲ ಎಂದು. ಅವನು ಕಂಬಳಿ ಕೊಡವಿ ಹೆಗಲಿಗೆ ಹಾಕಿಕೊಂಡ, ಕೋಲು ತೆಗೆದುಕೊಂಡ, ಬಾಗಿಲ ಕಡೆ ನಡೆದ. ಒಬ್ಬನೇ.

"ಅಣ್ಣಾರ, ಎಲ್ಲಿ ಹೊಂಟ್ರಿ?" ಎಂದೆ.

"ಕುರಿ ಅದಾವಲ್ರಿ. ಹೊತ್ತಾತು."

"ಮತ್ತ ಹುಡುಗಿ?"

ಅವನು ಹೊಸ್ತಿಲಲ್ಲಿ ಚಪ್ಪಲಿ ಮೆಟ್ಟುತ್ತ ಒಮ್ಮೆ ಒಳಗೆ ನೋಡಿದ.

"ಆಕಿ ಇರಲಿ ಬಿಡ್ರಿ ಅಕ್ಕಾರ. ಆಕೀಗೆ ಕಾಯಾಕ ಬರ್ತೈತಿ."